ಕಡೀ ನುಡಿಯ ಹೆಸರು

ಮಂಗಳೂರು ಎಂದ ಕೂಡಲೇ ಸಮುದ್ರ, ಮೀನು ಎಂದು ಬಾಯಲ್ಲಿ ನೀರೂರಿಸಿಕೊಳ್ಳುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಯಲಬುರ್ಗಾ ಕಡೆಯ ಮಂಗಳೂರು. ಇಲ್ಲಿ ಸಮುದ್ರವಿಲ್ಲ, ಕೆರೆಯಲ್ಲಿ ನೀರು ನಿಂತರೇ ನಮ್ಮ ಪುಣ್ಯ. ಆದರೆ ಅಲಾಯಿ ಪದದ ಮಾತು ಬಂದರೆ ಸುತ್ತಲ ಹಳ್ಳಿಯವರು ಈ ಊರಿನ ಮುಂದೆ ತಲೆ ಬಾಗಿಸಬೇಕು. ಮೊಹರಮ್ ಬಂತೆಂದರೆ ಕೆಂಡದ ಕುಣಿಯ ಸುತ್ತ ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಗಂಡಸರು ಕೂಡಿ ಹೆಜ್ಜೆ ಹಾಕುತ್ತಾರೆ. ಕರಬಲದಲ್ಲಿ ಮಡಿದವರ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಸುತ್ತ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಈ ಪದಗಳಿಗೊಂದು ಕಟ್ಟಳೆ ಉಂಟು. ಕಡೆಯ ನುಡಿಯಲ್ಲಿ ಊರ ಹೆಸರು ಬರಬೇಕು, ಪದ ಕಟ್ಟಿದವರ ಹೆಸರೂ ಬರಬೇಕು. ಮುಂದೆ ನಿಂತವನು ಆ ಹೆಸರನ್ನು ಎತ್ತಿಕೊಟ್ಟರೆ ಹಿಂದಿನವರು ಅದನ್ನೇ ಹಿಡಿದು ಮತ್ತೆ ಮತ್ತೆ ತಿರುಗಿಸಿ ಹಾಡಿ ಮುಗಿಸುತ್ತಾರೆ. ಹೆಸರಿಲ್ಲದ ಪದ ಹಾಡಿದರೆ ಎದುರು ಮೇಳದವರು ಬಿಟ್ಟಾರೆಯೇ? "ಅಪ್ಪ ಇಲ್ಲದ ಪದ ಎಲ್ಲಿಂದ ತಂದ್ರೋ" ಎಂದು ಕಾಲೆಳೆಯುತ್ತಾರೆ. ಅಪ್ಪ ಇಲ್ಲದ್ದು ಎನ್ನುತ್ತಾರೆ ನೋಡಿ. ಅವ್ವ ಇಲ್ಲದ್ದು ಎಂದು ಯಾರೂ ಅಂದದ್ದನ್ನು ನಾವು ಕೇಳಿಲ್ಲ.

ಖಲಂದರ ಈ ಊರಿನವನು. ಕಸುಬಿಗೆ ಗಾದಿ ಮಾಡುವವನು, ಹೆಸರಿಗೆ ಶಫೀಸಾಬರ ಮಗ. ಶಫೀಸಾಬರು ತೀರಿಕೊಂಡು ವರ್ಷಗಳಾದರೂ ಅವರ ಪದಗಳು ಕನಕಗಿರಿಯಿಂದ ಕುಷ್ಟಗಿಯ ತನಕ ಹಾಡಿಸಿಕೊಳ್ಳುತ್ತಿವೆ. ಅವರ ಹೆಸರಿನ ಮೇಳಕ್ಕೆ ಈಗ ಖಲಂದರನೇ ಮುಂದಾಳು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಹತ್ತಿ ಹಿಂಜುವ ಮಷೀನು ಖಲಂದರ ನೋಡಿಕೊಂಡರೆ, ದಬ್ಬಣ ಹಿಡಿದು ಹೊಲಿಯುವವಳು ಅವನ ಅವ್ವ ಗೌಸಬೀ. ಅಂಗಡಿಗೆ ಬೋರ್ಡು ಗೀರ್ಡು ಇಲ್ಲ. ಗಾದಿಯ ಮೂಲೆಯೇ ಬೋರ್ಡು. ಈ ಮನೆಯಿಂದ ಹೊರಟ ಪ್ರತಿ ಗಾದಿಯ ಮೂಲೆಯಲ್ಲೂ ಕೆಂಪು ದಾರದಲ್ಲಿ ಶಫೀಸಾಬ ಎಂದು ಹೊಲಿದಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಬಳಪದಿಂದ ಬರೆದು ತೋರಿಸಿದ್ದನ್ನು ನೋಡಿ ಗೌಸಬೀ ಕೈಗೆ ಮಾಡಿಕೊಂಡಿದ್ದಳು. ಸಾಲಿಯ ಮುಖ ಕಂಡವಳಲ್ಲ, ಓದು ಬರಹ ಗೊತ್ತಿಲ್ಲ.

ಒಂದು ದಿನ ಗಂಗಾವತಿಯ ಕಾಲೇಜಿನಲ್ಲಿ ಪಾಠ ಹೇಳುವ ವೆಂಕೋಬ ಸರ್ ಅಂಗಡಿಗೆ ಬಂದರು. ಜಿಲ್ಲೆಯ ಪದಕಾರರನ್ನೆಲ್ಲ ಒಂದೇ ಪುಸ್ತಕದಲ್ಲಿ ಕೂಡಿಸಬೇಕೆಂಬ ಹುಚ್ಚು ಅವರಿಗೆ. ಒಳ್ಳೆಯ ಮನುಷ್ಯ. ಸ್ವಂತ ಬೈಕಿನಲ್ಲಿ ಊರೂರು ಸುತ್ತಿ, ಮೊಬೈಲಿನಲ್ಲಿ ಹಾಡು ಹಿಡಿದು, ಕುಳಿತು ಬರೆದಿದ್ದರು.

"ಖಲಂದರಸಾಬರ, ಪುಸ್ತಕ ಮುಗೀಲಿಕ್ಕೆ ಬಂತ ನೋಡ್ರಿ. ನಿಮ್ಮಪ್ಪಾರದ್ದ ಎಲ್ಲಾರಕಿಂತ ದೊಡ್ಡ ಪಾಲು," ಎಂದರು. ಚಹಾ ಗುಟುಕರಿಸಿ, ಸ್ವಲ್ಪ ಸಂಕೋಚದಿಂದ ಮುಂದುವರಿಸಿದರು. "ಆದ್ರ ಒಂದ ತಕರಾರ ಐತ್ರಿ. ಇಡೀ ಪುಸ್ತಕದಾಗ ಒಂದೂ ಹೆಣ್ಣಿನ ಹೆಸರಿಲ್ಲ. ನಮ್ಮ ಮನಿಯಾಕಿ ಕೇಳಿದ್ಲು, ನಿಮ್ಮ ಜಿಲ್ಲಾದಾಗ ಹೆಂಗಸರ ಬಾಯಿಗೆ ಕೀಲಿ ಹಾಕಿದ್ರೇನು ಅಂತ. ನಾ ಏನ ಮಾಡ್ಲಿ ಹೇಳ್ರಿ. ಕಡೀ ನುಡಿಯಾಗ ಯಾರ ಹೆಸರೈತಿ, ಅವರ ಕವಿ. ಬ್ಯಾರೆ ಆಧಾರ ಎಲ್ಲೈತಿ? ಆದ್ರೂ ಕಡೀಗೆ ಎರಡ ಪುಟ ಖಾಲಿ ಬಿಟ್ಟೀನಿ. ನಿಮ್ಮ ಕಡೆ ಯಾರರೆ ಪದ ಕಟ್ಟೋ ಹೆಣ್ಣಮಕ್ಕಳು ಅದಾರೇನ್ರಿ?"

ಪರದೆಯ ಹಿಂದೆ ದಬ್ಬಣದ ಸದ್ದು ನಿಂತಿತು. ದಪ್ಪ ಬಟ್ಟೆಯಲ್ಲಿ ದಾರ ಎಳೆಯುವ ಆ ಸರ್ರೆನ್ನುವ ಸದ್ದಿಲ್ಲದೆ ಅಂಗಡಿ ಭಣಭಣ ಎನ್ನಿಸಿತು. ಖಲಂದರನಿಗೆ ಅದು ಚೆನ್ನಾಗಿ ಕೇಳಿಸಿತು.

"ಹೆಣ್ಣಮಕ್ಕಳು ಸೋಬಾನ ಪದ ಹಾಡ್ಕೊಂತಾರ್ರಿ ಸರ್," ಎಂದ. "ಅಲಾಯಿ ಪದ ಅವರಿಗೆಲ್ಲಿ ಬಗಿಹರಿತೈತಿ."

ಅಂದುಬಿಟ್ಟ. ಎಷ್ಟು ಸಲೀಸಾಗಿ ಅಂದನೆಂದರೆ ಅವನಿಗೇ ಆಶ್ಚರ್ಯವಾಯಿತು.

ಏಕೆಂದರೆ ಆ ಪದಗಳನ್ನೆಲ್ಲ ಕಟ್ಟಿದ್ದು ಯಾರು ಎಂಬುದು ಈ ಭೂಮಿಯ ಮೇಲೆ ಖಲಂದರನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಣ್ಣವನಿದ್ದಾಗ ಹಿಂಜಿದ ಹತ್ತಿಯ ರಾಶಿಯೇ ಅವನ ಹಾಸಿಗೆ. ಅವ್ವ ಮೂಗುಬಾಯಿಗೆ ಸೆರಗು ಕಟ್ಟಿಕೊಂಡು ಹತ್ತಿ ಬಿಡಿಸುತ್ತ ಆ ಸೆರಗಿನೊಳಗೇ ಗುನುಗುವಳು. ಒಂದು ಸಾಲು ಕೂಡದಿದ್ದರೆ ದಿನವಿಡೀ ಅದನ್ನೇ ತಿರುವಿ ಹಾಕುವಳು, ಒಲೆಯ ಮೇಲೆ ರೊಟ್ಟಿ ಸೀದರೂ ಗೊತ್ತಾಗುತ್ತಿರಲಿಲ್ಲ. ಕೂಡಿತೋ, "ಬರ್ರಿ ಇಲ್ಲೆ" ಎಂದು ಗಂಡನನ್ನು ಕರೆಯುವಳು. ಶಫೀಸಾಬರಿಗೆ ಕಂಠವಿತ್ತು, ಇರಕಲ್ಲಗಡದ ಅಲಾಯಿಯಲ್ಲಿ ಎತ್ತಿ ಹಾಡಿದರೆ ಊರ ಹೊರಗಿನ ಹೊಲದಲ್ಲಿದ್ದವರೂ ಕೆಲಸ ಬಿಟ್ಟು ನಿಲ್ಲುತ್ತಿದ್ದರಂತೆ. ಮಾತು ಮಾತ್ರ ಇರಲಿಲ್ಲ. ಮಾತು ಗೌಸಬೀಯದು. ಮೊದಲ ಪದದ ಕಡೆಯ ನುಡಿಗೆ ಬಂದಾಗ ಅವರು ಕೇಳಿದ್ದರು: "ಹೆಸರ ಯಾರದ ಹಾಕೂಣು?" ಅವಳು ನಕ್ಕಿದ್ದಳು. "ಹೆಂಗಸಿನ ಹೆಸರ ಹೇಳ್ಕೊಂತ ನೀವು ಕುಣದ್ರ ಜನ ಸುಮ್ನಿರ್ತಾರೇನ್ರಿ? ನಿಮ್ಮದ ಹಾಕ್ರಿ." ಅವರು ಹಾಕಿದರು. ಎರಡನೆಯ ಪದಕ್ಕೆ ಕೇಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಪದ ಮುಗಿದರೆ ಶಫೀಸಾಬ, ಗಾದಿ ಮುಗಿದರೆ ಶಫೀಸಾಬ.

ವೆಂಕೋಬ ಸರ್ ಬೈಕು ಹತ್ತಿ ಹೋದ ಮೇಲೆ ಖಲಂದರ ಪರದೆ ಸರಿಸಿದ. ಗೌಸಬೀ ದಬ್ಬಣ ಹಿಡಿದುಕೊಂಡೇ ಕುಳಿತಿದ್ದಳು.

"ಅವ್ವಾ, ಸರ್ ಸುಮ್ನ ಮಾತಿಗಂತ ಕೇಳಿದ್ರು."

"ನಾ ಏನರೆ ಅಂದ್ನೇನೋ?" ಎಂದಳು. ದಾರಕ್ಕೆ ಮೇಣ ತಿಕ್ಕಿದಳು. ಆಮೇಲೆ ಅವನ ಮುಖ ನೋಡದೆ ಹೇಳಿದಳು: "ಹಳೇವು ನಿಮ್ಮಪ್ಪಂದಾವು. ನನ್ನ ಕೈಯಾರೆ ಕೊಟ್ಟೀನಿ. ಕೊಟ್ಟಿದ್ದ ಕಸಗೊಂಡು ಉಣ್ಣಾಕಿ ನಾ ಅಲ್ಲ. ಆದ್ರ ಎರಡ ಪುಟ ಖಾಲಿ ಅದಾವಂದ್ರಲ್ಲ ಅವರು."

ಖಲಂದರ ತೋಳಿಗಂಟಿದ ಹತ್ತಿ ಕೊಡವಿಕೊಂಡ.

"ಒಂದ ಪದ ನನ್ನ ಹೆಸರಲೆ ಹೋಗಲಿ ಖಲಂದರಾ. ನಾ ಎದುರಿಗೆ ಹೋಗಿ ಹಾಡಾಕ ಬರೂದಿಲ್ಲ, ನೀ ಹಾಡು. ಸಾಯೂದರೊಳಗ ಒಂದ."

ಅವಳು ಹಿಂದೆಂದೂ ಏನನ್ನೂ ಬೇಡಿದವಳಲ್ಲ. ಮಗನ ಬಳಿ ಕಣ್ಣಿಗೊಂದು ಚಾಳೀಸು ಬೇಕೆನ್ನಲೂ ವರ್ಷ ಕಾಯ್ದವಳು. ಖಲಂದರ ಅವಳ ಪಕ್ಕ ಕುಳಿತ. "ಹಾಡ್ತೀನಿ ಬೇ ಅವ್ವಾ" ಎಂದ. ಆ ಗಳಿಗೆಯಲ್ಲಿ ಮನಸಾರೆಯೇ ಅಂದ, ಅದರಲ್ಲಿ ಕಪಟವಿರಲಿಲ್ಲ.

ಪದ ಆಗಲೇ ಅವಳೊಳಗೆ ಇತ್ತೆಂದು ಕಾಣುತ್ತದೆ, ಬಹಳ ದಿನ ಹಿಡಿಯಲಿಲ್ಲ. ಕರಬಲದಲ್ಲಿ ಮಡಿದ ಹುಸೇನರ ತಂಗಿ ಜೈನಬಳ ಮೇಲೆ ಕಟ್ಟಿದ್ದಳು. ಎಲ್ಲ ಪದಗಳೂ ಕಾದಿ ಸತ್ತವರನ್ನು ಹಾಡುತ್ತವೆ, ಬದುಕಿ ಉಳಿದು ಆ ಸುದ್ದಿಯನ್ನು ಲೋಕಕ್ಕೆ ಹೇಳಿದವಳನ್ನು ಯಾರೂ ಹಾಡಲಿಲ್ಲವಲ್ಲ ಎಂಬುದು ಅವಳ ತಕರಾರು. ಒಂದು ಸಂಜೆ ಖಲಂದರನನ್ನು, ಸೊಸೆ ಶಮೀನಾಳನ್ನು ಕೂರಿಸಿಕೊಂಡು ಹಾಡಿ ತೋರಿಸಿದಳು.

"ಬಿದ್ದವರ ಹೆಸರ ಬಲ್ಲಿರಿ, ಬಂದು ಹೇಳಿದವಳ್ಯಾರ
ಅಣ್ಣ ಅಳಿದಾನಂತ ಮೂಲಿ ಹಿಡಿಯಲಿಲ್ಲ ತಂಗೆವ್ವ
ಊರೂರ ಅಗಸ್ಯಾಗ ನಿಂತು ಸಾರಿ ಹೇಳ್ಯಾಳ
ಆಕಿ ಹೇಳದಿದ್ದರ ನಿಮಗ ಅಳಲಾಕ ಏನಿತ್ತ"

ಹಲ್ಲು ಹೋದ ಬಾಯಿ, ದನಿ ನಡುಗುತ್ತಿತ್ತು. ಕಡೆಯ ನುಡಿಗೆ ಬಂದಾಗ ಮಾತ್ರ ನಾಚಿಕೊಂಡಳು, ಹೊಸ ಮದುವಣಗಿತ್ತಿ ಗಂಡನ ಹೆಸರು ಹೇಳುವಾಗ ನಾಚಿಕೊಳ್ಳುವಂತೆ.

"ಮಂಗಳೂರ ಊರಾಗ ಹತ್ತಿ ಹಿಂಜೋ ಗೌಸಬೀ
ಹಿಂಜಿ ಹಿಂಜಿ ದುಃಖ ಹಗುರ ಮಾಡ್ಯಾಳೊ"

ಶಮೀನಾ ಮುಸುಮುಸು ಅತ್ತಳು. ಏಳನೆಯ ತನಕ ಓದಿದ ಹೆಣ್ಣು, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವವಳಲ್ಲ. "ಏನ್ರಿ, ಇದ ಹಾಡಿದ್ರ ನೀವು ಆಕಿ ಹೊಟ್ಟ್ಯಾಗ ಹುಟ್ಟಿದ್ದಕ್ಕ ಸಾರ್ಥಕ ಆಕ್ಕೈತಿ" ಎಂದಳು.

ಮರುದಿನದಿಂದಲೇ ಖಲಂದರ ಲೆಕ್ಕ ಹಾಕತೊಡಗಿದ. ಅವ್ವನ ಹೆಸರು ಹಾಡುವುದು ದೊಡ್ಡ ಮಾತಲ್ಲ, ಜನ ಎರಡು ದಿನ ನಗಬಹುದು, ನಗಲಿ. ಆದರೆ ಇದು ಗೌಸಬೀಯದು ಎಂದಾದರೆ ಕಿವಿಯಿದ್ದವರು ಕೇಳದೆ ಬಿಡುತ್ತಾರೆಯೇ: ಅದೇ ಮಾತು, ಅದೇ ಧಾಟಿ, ಹಂಗಾರ ಹಳೇವು ಯಾರವು? ಗಾದಿಯ ಒಂದು ಟಾಕಿ ಹೊಲಿಗೆ ಬಿಚ್ಚಿದರೆ ಒಳಗಿನ ಹತ್ತಿಯೆಲ್ಲ ಒಂದು ಮಗ್ಗುಲಿಗೆ ಸರಿದುಬಿಡುತ್ತದೆ ಎಂಬುದು ಖಲಂದರನಿಗೆ ಗೊತ್ತಿಲ್ಲದ್ದೇ? ಅಪ್ಪ ಬರೀ ಹಾಡುಗಾರ ಎಂದಾಗುತ್ತದೆ. ಪದಕಾರನ ಮಗ ಎಂದು ತನ್ನನ್ನು ವೇದಿಕೆಗೆ ಕರೆಯುವವರು, ಶಾಲು ಹೊದಿಸುವವರು ಏನೆಂದುಕೊಂಡಾರು? ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇದ್ದವನು ನೀನೇ ಅಲ್ಲವೇ ಎಂದರೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಬಿಸಿ ತುಪ್ಪ ಬಾಯಲ್ಲಿ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೀಗಾಗಿ ಮೇಳದವರಿಗೆ ಪದ ಕಲಿಸಿದನೇ ಹೊರತು ಕಡೆಯ ನುಡಿ ಕಲಿಸಲಿಲ್ಲ. ಹಿಮ್ಮೇಳದ ಹುಲಿಗೆಪ್ಪ ಅವನ ಬಾಲ್ಯದ ಗೆಳೆಯ, ಒಕ್ಕಲುತನದ ಮನುಷ್ಯ, ಸಾಲು ತಪ್ಪಿದರೆ ಬಿತ್ತಿದ ಹೊಲ ಕೆಟ್ಟಂತೆ ಚಡಪಡಿಸುವವನು.

"ಕಡೀ ನುಡಿ ಯಾಕ ಕಲಸವಲ್ಲೀಪಾ?"

"ಇನ್ನೂ ಕೂಡಿಲ್ಲ. ಅಲ್ಲೇ ಎತ್ತಿ ಕೊಡ್ತೀನಿ, ಹಿಡೀರಿ."

"ಯಾರ ಪದ ಇದು? ಶಫೀಕಾಕಾಂದ?"

"ಮನ್ಯಾಗಿಂದು," ಎಂದ ಖಲಂದರ. ಇಂಥ ಉತ್ತರ ಕೊಡುವುದರಲ್ಲಿ ಅವನು ಪಳಗಿಹೋಗಿದ್ದ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಪದಗಳನ್ನು ಹಾಡಿಸಲು ವೆಂಕೋಬ ಸರ್ ಕೊಪ್ಪಳದಲ್ಲಿ ಒಂದು ಸಭೆ ಮಾಡಿದರು. ಹೊರಡುವ ಮುಂಜಾನೆ ಶಮೀನಾ, "ಅತ್ತಿನ್ನೂ ಕರ್ಕೊಂಡು ಹೋಗ್ರಿ" ಎಂದಳು. ಗೌಸಬೀಗೆ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. "ನಾ ಯಾಕ? ನನ್ನ ಹೆಸರು ಹೊಂಟೈತಲ್ಲ, ಸಾಕು," ಎಂದು ಮಗನ ಜುಬ್ಬಾದ ಕಾಲರು ಸರಿ ಮಾಡಿದಳು.

ವೇದಿಕೆಯ ಮೇಲೆ ಶಫೀಸಾಬರ ದೊಡ್ಡ ಫೋಟೋ ಇಟ್ಟು ಹಾರ ಹಾಕಿದ್ದರು. ವೆಂಕೋಬ ಸರ್ ಮೈಕಿನಲ್ಲಿ, "ಮಹಾಕವಿ ಶಫೀಸಾಬರ ಸುಪುತ್ರರು" ಎಂದರು. ಚಪ್ಪಾಳೆ ಬಿತ್ತು. ಖಲಂದರ ಎರಡು ಹಳೆಯ ಪದ ಹಾಡಿ ಹೊಸದನ್ನು ಎತ್ತಿದ. ಸಭೆ ಸದ್ದಿಲ್ಲದಾಯಿತು. "ಆಕಿ ಹೇಳದಿದ್ದರ ನಿಮಗ ಅಳಲಾಕ ಏನಿತ್ತ" ಎಂಬಲ್ಲಿಗೆ ಬಂದಾಗ ಮುಂದಿನ ಸಾಲಿನ ಒಬ್ಬ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಡೆಯ ನುಡಿ ಬಂತು. ಹಿಂದೆ ಹುಲಿಗೆಪ್ಪ ಕಿವಿಗೆ ಕೈಯಿಟ್ಟು ಕಾಯುತ್ತಿದ್ದ. ಎದುರಿಗೆ ಅಪ್ಪನ ಫೋಟೋ.

"ಮಂಗಳೂರ ಊರಾಗ ಹತ್ತಿ ಹಿಂಜೋ ಶಫೀಸಾಬ..."

ಹಿಂದಿನವರು ಗಬಕ್ಕನೆ ಹಿಡಿದರು. ಶಫೀಸಾಬ, ಶಫೀಸಾಬ, ಶಫೀಸಾಬ ಎಂದು ತಿರುಗಿಸಿ ತಿರುಗಿಸಿ ಹಾಡಿದರು. ಬಾಯಿಬಿಟ್ಟ ಮಾತು ಹಿಮ್ಮೇಳದ ಕೈಗೆ ಹೋದ ಮೇಲೆ ಮುಗಿಯಿತು, ಹಿಂದಕ್ಕೆ ತರುವಂತಿಲ್ಲ. ರೂಢಿಯಲ್ಲಿ ನಾಲಿಗೆ ಜಾರಿತು ಎಂದು ಆಮೇಲೆ ಖಲಂದರ ತನಗೆ ತಾನೇ ಸಾವಿರ ಸಲ ಹೇಳಿಕೊಂಡ. ಜಾರಿದ ನಾಲಿಗೆ ಅಷ್ಟು ಚೆನ್ನಾಗಿ ತಾಳಕ್ಕೆ ಕೂಡುತ್ತದೆಯೇ? ಹೇಳಬೇಕೆಂದೇ ಹೇಳಿದ. ಹೇಳುವಾಗ ಕಾಲರಿನ ಮೇಲೆ ಅವ್ವನ ಕೈ ಇದ್ದಂತೆ ಅನ್ನಿಸಿತು, ಆದರೂ ಹೇಳಿದ.

ವೆಂಕೋಬ ಸರ್ ಓಡಿ ಬಂದು ಕೈ ಹಿಡಿದರು. "ಇದ ಯಾರೂ ಕೇಳದ ಪದ ಐತ್ರಿ. ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ? ಹೆಣ್ಣಿನ ಎದಿ ಹೊಕ್ಕು ಬರದಾರ ನಿಮ್ಮಪ್ಪಾರು. ಆ ಎರಡ ಪುಟಕ್ಕ ಇದನ್ನ ಹಾಕ್ತೀನಿ."

"ಹಾಕ್ರಿ ಸರ್," ಎಂದ ಖಲಂದರ.

ಮನೆಗೆ ಬಂದರೆ ಅಂಗಳದಲ್ಲೇ ಬೆಲ್ಲದ ವಾಸನೆ. ಮೊಹರಮ್ ಎಷ್ಟೋ ದೂರವಿರುವಾಗಲೇ ಗೌಸಬೀ ಹಬ್ಬದ ಸಿಹಿರೊಟ್ಟಿ ಚೋಂಗೆ ಮಾಡಿಸಿದ್ದಳು. ತಟ್ಟೆಯನ್ನು ಮುಂದಿಟ್ಟು ಕೇಳಿದಳು: "ಹಾಡಿದೇನು?"

"ಹಾಡಿದೆ."

"ಪೂರಾ?"

"ಹ್ಞೂಂ ಬೇ."

"ಜನ ನಕ್ರೇನು?"

"ಇಲ್ಲ. ಅತ್ರು."

ಗೌಸಬೀ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಕ್ಕಳೋ ಅತ್ತಳೋ ಖಲಂದರ ನೋಡಲಿಲ್ಲ. ಬಾಯೊಳಗಿನ ಚೋಂಗೆ ಇಳಿಯಲೊಲ್ಲದು, ನೀರು ಕುಡಿದು ನೂಕಿದ.

ಅಲ್ಲಿಂದ ಅವನ ದಿನಗಳು ಕೆಟ್ಟವು. ಕಳ್ಳನ ಮನಸ್ಸು ಹುಳ್ಳ ಹುಳ್ಳಗೆ ಎನ್ನುತ್ತಾರಲ್ಲ, ಹಾಗೆ. ಹುಲಿಗೆಪ್ಪ ಅಂಗಡಿಗೆ ಬಂದು ಅವ್ವನ ಮುಂದೆ ಏನಾದರೂ ಅಂದುಬಿಟ್ಟರೆ? ಅವನ ದನಿ ಕೇಳಿದರೆ ಸಾಕು, ಎದ್ದು ಹೋಗಿ, "ನಡಿ, ಚಾ ಕುಡಿಯೂಣು" ಎಂದು ಹೋಟೆಲಿಗೆ ಎಳೆದುಕೊಂಡು ಹೋಗುವನು. ಹುಲಿಗೆಪ್ಪನಿಗೂ ವಿಚಿತ್ರವೆನಿಸಿ, "ಏನಪಾ, ನಮ್ಮ ಮ್ಯಾಲೆ ಭಾಳ ಪ್ರೀತಿ ಉಕ್ಕಲಿಕ್ಕತ್ತೈತಿ" ಎಂದು ನಕ್ಕ. ಇತ್ತ ಗೌಸಬೀ ಹಗುರಾಗಿದ್ದಳು. ಮೊಣಕಾಲು ಹಿಡಿದುಕೊಂಡಾದರೂ ಅಂಗಳದ ತನಕ ಬಂದು ನಿಲ್ಲುವಳು. ಪಕ್ಕದ ಮನೆಯ ಜುಬೇದಾಬೀಗೆ, "ಪುಸ್ತಕ ಬರ್ಲಿ ತಡಿ, ಒಂದ ತೋರಸ್ತೀನಿ" ಎನ್ನುವಳು.

ಇನ್ನು ತಡೆಯಲಾಗದೆ ಒಂದು ದಿನ ಖಲಂದರ ಊರ ಹೊರಗಿನ ಕಟ್ಟೆಗೆ ಹೋಗಿ ವೆಂಕೋಬ ಸರ್‌ಗೆ ಫೋನು ಹಚ್ಚಿದ. ಹೇಳಿಯೇಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದ. ಆದರೆ ಸರ್ ಅವನಿಗಿಂತ ಮೊದಲೇ ಶುರು ಮಾಡಿದರು. "ಛಲೋ ಟೈಮಿಗೆ ಮಾಡಿದ್ರಿ. ಮುನ್ನುಡಿ ಬರದೀನಿ, ಕೇಳ್ರಿ. 'ಈ ನೆಲದ ಹೆಣ್ಣುಮಕ್ಕಳು ಪದಗಳನ್ನು ಕೇಳಿ ಉಳಿಸಿದರು, ಕಟ್ಟಲಿಲ್ಲ. ಆ ಕೊರತೆಯನ್ನು ಶಫೀಸಾಬರಂಥ ತಾಯಿಕರುಳಿನ ಕವಿಗಳು ತುಂಬಿಕೊಟ್ಟರು.' ಹೆಂಗೈತ್ರಿ?"

ಖಲಂದರ ಬಾಯಿ ತೆರೆದ. ಎದುರಿಗೆ ಒಂದು ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು.

"ಛಲೋ ಐತ್ರಿ," ಎಂದ.

"ನೀವೇನ ಫೋನ್ ಮಾಡಿದ್ದು?"

"ಏನಿಲ್ಲರಿ. ಆರಾಮ ಅದೀರೇನಂತ."

ಪುಸ್ತಕ ಬಂತು. ದಪ್ಪ ರಟ್ಟು, ಹೊಸ ಕಾಗದದ ವಾಸನೆ. ಖಲಂದರ ಕಟ್ಟು ಬಿಚ್ಚುವ ಮೊದಲೇ ಗೌಸಬೀಗೆ ಅದು ಹೇಗೆ ತಿಳಿಯಿತೋ, ಪರದೆ ಸರಿಸಿಕೊಂಡು ಬಂದು ಹೊಲಿದು ಮುಗಿಸಿದ್ದ ಗಾದಿಯ ಮೇಲೆ ಕುಳಿತಳು. ಕೈ ತೊಳೆದುಕೊಂಡು ಬಂದಿದ್ದಳು.

"ಓದು."

ಕಡೆಯ ಎರಡು ಪುಟ ತೆರೆದು ಓದಿದ. ಓದುತ್ತ ಓದುತ್ತ ಕಡೆಯ ನುಡಿ ಹತ್ತಿರವಾಯಿತು. ಆಗಲಾದರೂ ನಿಜ ಹೇಳಬಹುದಿತ್ತು, ಬಾಗಿಲು ಇನ್ನೂ ತೆರೆದೇ ಇತ್ತು. ಅವನು ಇನ್ನೊಂದು ಸುಳ್ಳು ಹೇಳಿದ. ಅಚ್ಚಿನಲ್ಲಿ ಶಫೀಸಾಬ ಎಂದಿದ್ದಲ್ಲಿ ಗೌಸಬೀ ಎಂದು ಓದಿದ. ವೇದಿಕೆಯ ಮೇಲೆ ಹೇಳಲಾಗದ ಹೆಸರು ಮನೆಯೊಳಗೆ ಎಷ್ಟು ಗಟ್ಟಿಯಾಗಿ ಬಂತು! ಚಹಾ ತಂದಿದ್ದ ಶಮೀನಾ ಅವನ ಹೆಗಲ ಮೇಲಿಂದ ಪುಟ ನೋಡಿದಳು. ಬಟ್ಟಲುಗಳನ್ನು ಕುಕ್ಕಿ ಇಟ್ಟು ಒಳಗೆ ಹೋದಳು.

ಗೌಸಬೀ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಎಲ್ಲೈತಿ ನನ್ನ ಹೆಸರು, ಬಟ್ಟಿಟ್ಟು ತೋರಸು."

ಸುಳ್ಳು ಹೇಳುವವನಿಗೆ ಬುದ್ಧಿಯಾದರೂ ಇರಬೇಕು. ಆ ಪುಟದ ಯಾವ ಅಕ್ಷರದ ಮೇಲಾದರೂ ಬೆರಳಿಡಬಹುದಿತ್ತು ಪುಣ್ಯಾತ್ಮ. ಅವಸರದಲ್ಲಿ ಅವಳ ಹೆಸರು 'ಇರಬೇಕಾದ' ಜಾಗದಲ್ಲೇ ಇಟ್ಟ.

ಅವಳು ಚಾಳೀಸು ಏರಿಸಿಕೊಂಡು ಬಾಗಿದಳು. ತೋರುಬೆರಳನ್ನು ಆ ಅಕ್ಷರಗಳ ಮೇಲೆ ಮೆಲ್ಲಗೆ ಎಳೆದಳು. ಮೊದಲ ಅಕ್ಷರದ ಸುತ್ತು ಬಳಸಿದಳು, ಎರಡನೆಯದರ ಏರಿಗೆ ಏರಿದಳು, ಮುಂದಿನದಕ್ಕೆ ಇಳಿದಳು. ಬೆರಳು ದಬ್ಬಣದಂತೆ ಒಳಗೆ ಹೋಗಿ ಹೊರಗೆ ಬರುವಂತೆ ಸಾಗುತ್ತಿತ್ತು. ಕಡೆಯ ಅಕ್ಷರ ಮುಗಿಯುವಲ್ಲಿ, ಅವಳು ಯಾವಾಗಲೂ ಗಂಟು ಹಾಕುವ ಜಾಗದಲ್ಲಿ, ನಿಂತಿತು. ಖಲಂದರನಿಗೆ ಆಗ ಹೊಳೆಯಿತು.

"ಇದು ನಾ ಹೊಲಿಯೂದು, ಖಲಂದರಾ," ಎಂದಳು ಗೌಸಬೀ.

ಅವಳು ಕುಳಿತಿದ್ದ ಗಾದಿಯ ಮೂಲೆಯಲ್ಲೂ ಅದೇ ನಾಲ್ಕು ಅಕ್ಷರ ಕೆಂಪಗೆ ಕಾಣುತ್ತಿದ್ದವು.

"ತಪ್ಪಾತವ್ವಾ," ಎಂದ ಖಲಂದರ. ನೆಲಕ್ಕೆ ಕುಸಿದು ಅವಳ ಮೊಣಕಾಲು ಹಿಡಿದುಕೊಂಡ. ನೋಯುವ ಮೊಣಕಾಲು ಅದು, ಅವಳು ಮೆಲ್ಲಗೆ ಅವನ ಕೈ ಸರಿಸಿದಳು.

"ಕೊಪ್ಪಳದಾಗ ಹಾಡುವಾಗನೂ ಇದನ್ನ ಅಂದೇನು?"

ಅವನು ಹೌದೆಂದು ತಲೆಯಾಡಿಸಿದ.

ಗೌಸಬೀ ಪುಸ್ತಕ ಮುಚ್ಚಿದಳು. ಅದರ ರಟ್ಟಿನ ಮೇಲಿನ ಹತ್ತಿಯ ಎಳೆಯನ್ನು ಉಫ್ ಎಂದು ಊದಿದಳು. ಸಿಟ್ಟು ಮಾಡಿದ್ದರೆ, ಎರಡು ಬೈದಿದ್ದರೆ ಖಲಂದರ ಬದುಕಿಕೊಳ್ಳುತ್ತಿದ್ದ.

"ನಿಮ್ಮಪ್ಪ ಒಮ್ಮೆರೆ ಕೇಳಿದ್ರು," ಎಂದಳು. "ನೀ ಕೇಳಲೂ ಇಲ್ಲ."

ಅಂದೇ ಖಲಂದರ ವೆಂಕೋಬ ಸರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ. ಕೇಳಿ ಮುಗಿಸಿ ಸರ್ ಅಂದರು: "ಆವಾಗ ಹೇಳಿದ್ರ ಏನಾಗಿತ್ರಿ? ಪುಸ್ತಕ ಎಲ್ಲಾ ಲೈಬ್ರರಿಗೆ ಹೋಗ್ಯಾವು. ಮುನ್ನುಡಿಯಾಗ ಬ್ಯಾರೆ ಹಂಗ ಬರದೀನಿ ನಾನು. ಮುಂದಿನ ಮುದ್ರಣ ಬಂದ್ರ ನೋಡೂಣು." ಜಿಲ್ಲೆಯ ಪದಗಳ ಪುಸ್ತಕಕ್ಕೆ ಮುಂದಿನ ಮುದ್ರಣ ಬಂದದ್ದನ್ನು ಕಂಡವರಿದ್ದರೆ ದಯವಿಟ್ಟು ನಮಗೂ ಹೇಳಬೇಕು.

ಸಂಜೆ ಹುಲಿಗೆಪ್ಪನಿಗೂ ಹೇಳಿದ. ಹುಲಿಗೆಪ್ಪ, "ಹಂಗಾರ ನಾವು ಇಷ್ಟ ವರ್ಷ ಕಾಕೀ ಪದ ಹಾಡೀವೇನೋ" ಎಂದ. ಖಲಂದರ ಹೌದೆಂದ. ಹುಲಿಗೆಪ್ಪ ಅಂದು ಚಹಾ ಕುಡಿಯದೆ ಎದ್ದು ಹೋದ.

ಮನೆಯಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ. ಗೌಸಬೀ ಎಂದಿನಂತೆ ಹೊಲಿದಳು, ಎಂದಿನಂತೆ ಮಗನನ್ನು ಊಟಕ್ಕೆ ಕರೆದಳು. ಗುನುಗುವುದನ್ನು ಮಾತ್ರ ಬಿಟ್ಟಳು. ಖಲಂದರ ಮಷೀನು ನಿಲ್ಲಿಸಿ ಕಿವಿಗೊಟ್ಟರೆ ದಾರ ಎಳೆಯುವ ಸದ್ದಷ್ಟೇ. ಆ ಮನೆ ಹಾಗೆ ಬರಿದಾಗಿ ಕೇಳಿಸಿದ್ದು ಅವನ ಜನ್ಮದಲ್ಲೇ ಮೊದಲು.

ಹೀಗಿರುತ್ತ ಒಂದು ಮಧ್ಯಾಹ್ನ ಉಂಡು ಅಂಗಡಿಯಲ್ಲೇ ಅಡ್ಡಾಗಲು ಬಂದರೆ ಅವನ ಜಾಗದಲ್ಲಿ ಹೊಸ ತಲೆದಿಂಬು ಇತ್ತು. ಒಳ್ಳೆಯ ಹತ್ತಿ, ಎರಡು ಸಲ ಹಿಂಜಿದ್ದು, ಬಿಳಿ ಖೋಳ.

"ಯಾರದ ಆರ್ಡರ್ ಬೇ ಇದು?" ಎಂದ.

"ಮಾರೂದಲ್ಲ. ನಿನಗ," ಎಂದಳು ಪರದೆಯ ಹಿಂದಿನಿಂದ ಗೌಸಬೀ. "ಮಲಕ್ಕೋ."

ತಲೆಯಿಟ್ಟ. ಕೆನ್ನೆಗೆ ಏನೋ ಒತ್ತಿತು. ಎದ್ದು ನೋಡಿದರೆ ಖೋಳದ ನಟ್ಟನಡುವೆ ಕೆಂಪು ದಾರದ ಅಕ್ಷರಗಳು. ಕೈಗೆ ಹೊಸವು, ಅದಕ್ಕೇ ಸೊಟ್ಟಗಿದ್ದವು, ಗಂಟುಗಳು ದಪ್ಪಗಿದ್ದವು. ಗೌಸಬೀ ಎಂದಿತ್ತು. ದಾರದ ಅಂಚಿನಲ್ಲಿ ಶಮೀನಾ ಬಳಪದಿಂದ ಬರೆದುಕೊಟ್ಟ ಗೆರೆ ಇನ್ನೂ ಅಳಿಸಿರಲಿಲ್ಲ. ಐವತ್ತು ದಾಟಿದ ಖಲಂದರ ತನ್ನ ಅವ್ವನ ಹೆಸರನ್ನು ಎಂದೂ ಒಮ್ಮೆಯೂ ಬರೆದವನಲ್ಲ ಎಂಬುದು ಅವನಿಗೆ ನೆನಪಾಯಿತು.

ಆ ಗಂಟುಗಳ ಮೇಲೆ ತಲೆಯಿಡುವ ಧೈರ್ಯ ಅವನಿಗಾಗಲಿಲ್ಲ. ಸದ್ದಾಗದಂತೆ ತಲೆದಿಂಬನ್ನು ಮಗುಚಿ ಹಾಕಿದ.

ಅವ್ವ ಆ ಕಡೆಯೂ ಹೊಲಿದಿದ್ದಳು.